ಏರಿನಲ್ಲಿ ತಡವರಿಸಿದ ಜೀಪು

ಮಳೆ ಹಿಡಿಯುವ ಮೊದಲು ಸಂಡೂರು ಬೆಟ್ಟದ ಗವಿಯ ಬಳಿ ಕಟ್ಟಿದ್ದ ಮೂರು ಕ್ಯಾಮೆರಾಗಳನ್ನು ಬಿಚ್ಚಿ ತರಬೇಕಿತ್ತು. ಹೊರಟವರು ಮೂವರೇ. ಕರಡಿಗಳ ಓಡಾಟದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಅಭಯ, ಕಾಡಿನ ದಾರಿ ಬಲ್ಲ ಅರವತ್ತರ ಜಂಬಯ್ಯ, ಮತ್ತು ಚಿತ್ತವಾಡ್ಗಿಯಲ್ಲಿ ಗ್ಯಾರೇಜು ನಡೆಸುವ ಸುಮಲತಾ. ಇಪ್ಪತ್ತೆಂಟು ವರ್ಷ ಹಳೆಯ ಪೆಟ್ರೋಲ್ ಜೀಪು ಅವಳದೇ.

ಹೊಸಪೇಟೆ ದಾಟುವಾಗಲೇ ಜೀಪು ತಕರಾರು ತೆಗೆದಿತ್ತು. ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ತಡವರಿಸಿ, ಆಮೇಲೆ ಓಡುತ್ತಿತ್ತು.

"ಪೆಟ್ರೋಲ್‌ನ್ಯಾಗ ಕಸ ಇರಬೇಕ್ರಿ, ಏನಾಗಲ್ಲ," ಎಂದಿದ್ದಳು ಸುಮಲತಾ.

ಅದಿರಿನ ಲಾರಿಗಳ ಕೆಂಪು ಧೂಳು ಹಿಂದೆ ಉಳಿಯಿತು. ಮುಂದೆ ಒಂದರ ಹಿಂದೊಂದು ಹಸಿರು ಬೆಟ್ಟಗಳು. ಕಡಿದಾದ ಇಳಿಜಾರಿನಲ್ಲಿ ಕಾಲುದಾರಿಗಿಂತ ತುಸುವೇ ಅಗಲವಾದ ಹಾದಿ ಕಣಿವೆಗೆ ಇಳಿಯುತ್ತಿತ್ತು. ಗವಿ ಇದ್ದದ್ದು ಆ ಕಣಿವೆಯ ತಳದಲ್ಲಿ.

ಮೂರನೆಯ ಕ್ಯಾಮೆರಾ ಬಿಚ್ಚುವಾಗ ಬಂಡೆಯ ಮೇಲಿನ ಹೆಜ್ಜೇನು ಎದ್ದಿತು.

ಸುಮಲತಾ ತಿರುಗುವಷ್ಟರಲ್ಲಿ ಜಂಬಯ್ಯನ ತಲೆ ಕಾಣದಷ್ಟು ಹುಳು ಮುತ್ತಿತ್ತು. ಅಭಯ ಕಂಬಳಿ ಹೊದಿಸಿ ಅವನನ್ನು ಎಳೆದು ತಂದ. ಜೀಪಿನೊಳಗೆ ಬಿದ್ದ ಜಂಬಯ್ಯನ ಮುಖ ಗುರುತು ಸಿಗದಂತೆ ಊದಿತ್ತು. ಎರಡು ಸಲ ವಾಂತಿ ಮಾಡಿಕೊಂಡ. ಕ್ಯಾಮೆರಾ ಮಾತ್ರ ಎದೆಗೆ ಅವುಚಿಕೊಂಡೇ ಇದ್ದ.

"ಅಕ್ಕಾ, ಜಲ್ದಿ ದವಾಖಾನಿಗೆ ನಡೀರಿ," ಎಂದ ಅಭಯ.

ಅರ್ಧ ಏರು ಹತ್ತಿದ್ದರು. ತಿರುವಿನಲ್ಲಿ ಸುಮಲತಾ ಆಕ್ಸಿಲರೇಟರ್ ಒತ್ತಿದಳು. ಎಂಜಿನ್ ಗಕ್ಕನೆ ನಿಂತುಹೋಯಿತು.

ಜೀಪು ಹಿಂದಕ್ಕೆ ಜಾರಿತು. ಬ್ರೇಕ್ ತುಳಿದಳು, ಹ್ಯಾಂಡ್ ಬ್ರೇಕ್ ಎಳೆದಳು. ಜಲ್ಲಿಯ ಮೇಲೆ ಗಾಲಿಗಳು ಉಜ್ಜಿಕೊಂಡು ನಿಂತವು. ಅಭಯ ಹಾರಿ ಗಾಲಿಗೆ ಕಲ್ಲು ಕೊಟ್ಟ. ಸುಮಲತಾ ಇಳಿದು ನೋಡಿದಳು. ಹಿಂದಿನ ಒಂದು ಗಾಲಿಯ ಅರ್ಧ ಹಾದಿಯ ಅಂಚು ದಾಟಿ ಗಾಳಿಯಲ್ಲಿತ್ತು. ಕೆಳಗೆ ಮರಗಳ ತುದಿಗಳು ಕಾಣುತ್ತಿದ್ದವು.

ಬಾನೆಟ್ ಎತ್ತಿ, ಏರ್ ಫಿಲ್ಟರ್ ತೆಗೆದು ಕಾರ್ಬುರೇಟರ್‌ನ ಬಾಯಿಗೆ ಕಣ್ಣಿಟ್ಟಳು.

"ಸರ್, ಆಕ್ಸಿಲರೇಟರ್ ಒಮ್ಮೆ ಒತ್ರಿ. ಚಾಲು ಮಾಡಬ್ಯಾಡ್ರಿ."

ಪೆಟ್ರೋಲು ಸಣ್ಣ ಧಾರೆಯಾಗಿ ಚಿಮ್ಮಿತು. ಅಂದರೆ ಪೆಟ್ರೋಲು ಸರಿಯಾಗಿ ಬರುತ್ತಿತ್ತು, ತಪ್ಪು ಬೇರೆಡೆ ಇತ್ತು.

"ಈಗ ಚಾಲು ಮಾಡ್ರಿ. ಗೇರ್ ಮುಟ್ಟಬ್ಯಾಡ್ರಿ."

ಎಂಜಿನ್ ಎದ್ದಿತು. ಅದರ ಸದ್ದಿನೊಳಗೆ ಸಣ್ಣ ಸುಯ್ಯೆನ್ನುವ ಸದ್ದು. ಕಿವಿ ಕೊಟ್ಟು ಹುಡುಕಿದಳು. ಎಂಜಿನ್ ಪಕ್ಕದ ರಬ್ಬರ್ ಪೈಪಿನ ತುದಿ ಸೀಳಿತ್ತು. ಬೆರಳಿನಿಂದ ಮುಚ್ಚಿದಾಗ ಸುಯ್ಯುವುದು ನಿಂತು ಎಂಜಿನ್ ಸಮನಾಯಿತು. ಅಲ್ಲಿಂದ ಗಾಳಿ ಒಳನುಗ್ಗಿ ಪೆಟ್ರೋಲಿನ ಹದ ಕೆಡಿಸಿತ್ತು.

ಆ ಪೈಪನ್ನು ಹೋದ ವಾರ ಬಿಚ್ಚಿದ್ದವಳು ಅವಳೇ. ಅವಸರದಲ್ಲಿ ಒತ್ತಿ ತುರುಕಿದ್ದಳು, ಬಿಗಿ ಹಿಡಿಯುವ ಕ್ಲಿಪ್ ಹಾಕಿರಲಿಲ್ಲ; ಅಲುಗಾಡಿ ತುದಿ ಸೀಳಿತ್ತು. ಇಪ್ಪತ್ತು ವರ್ಷದ ಕಸುಬಿನಲ್ಲಿ ಹೀಗೆ ಮಾಡಿದ್ದು ನೆನಪಿರಲಿಲ್ಲ.

ಜಂಬಯ್ಯ ನರಳಿದ.

ಎಂಜಿನ್ ಆರಿಸಿ, ಚಾಕುವಿನಿಂದ ಸೀಳಿದ ತುದಿ ಕತ್ತರಿಸಿದಳು. ಉಳಿದದ್ದನ್ನು ಎಳೆದು ಕೂರಿಸಿ ತಂತಿಯಿಂದ ಬಿಗಿದಳು.

"ಗಾಡಿ ಮುಂದಕ್ಕ ಹೋದಂಗ ಕಲ್ಲು ಕೊಡ್ತಾ ಬರ್ರಿ. ಹಿಂದ ಮಾತ್ರ ನಿಂದರಬ್ಯಾಡ್ರಿ," ಎಂದು ಅಭಯನನ್ನು ಇಳಿಸಿ ತಾನು ಸ್ಟೇರಿಂಗ್ ಹಿಡಿದಳು.

ಆಕ್ಸಿಲರೇಟರ್ ಒತ್ತಿದಳು. ಈ ಸಲ ಜೀಪು ತಡವರಿಸಲಿಲ್ಲ. ಗಾಲಿ ಮಣ್ಣು ಕಚ್ಚಿ ಮೇಲೆದ್ದಿತು.

ಸಂಡೂರಿನ ದವಾಖಾನೆಯಲ್ಲಿ ಸಂಜೆಯ ಹೊತ್ತಿಗೆ ಜಂಬಯ್ಯ ಒಂದು ಕಣ್ಣು ತೆರೆದ. ಡಾಕ್ಟರು ಎಪ್ಪತ್ತೆರಡು ಮುಳ್ಳು ತೆಗೆದಿದ್ದರು.

"ಕ್ಯಾಮೆರಾ?"

"ಮೂರೂ ಅದಾವ," ಎಂದ ಅಭಯ.

ಸುಮಲತಾ ಮಂಚದ ಬಳಿ ನಿಂತಳು. "ಯಣ್ಣಾ, ತಪ್ಪು ನಂದ. ಪೈಪ್ ಬಿಚ್ಚಿ, ಕ್ಲಿಪ್ ಹಾಕೋದು ಮರ್ತಿದ್ದೆ. ಪೆಟ್ರೋಲ್ ಮ್ಯಾಲ ತಪ್ಪು ಹಾಕಿ ಸುಮ್ನಾದೆ."

ಜಂಬಯ್ಯ ತೆರೆದ ಒಂದೇ ಕಣ್ಣನ್ನು ಅವಳತ್ತ ತಿರುಗಿಸಿದ.

"ನೀ ಹೇಳಿದ್ದಿಲ್ಲಂದ್ರ ನಮಗೇನು ತಿಳೀತಿತ್ತವ್ವಾ," ಎಂದ. "ನಾಳಿ ಊರಿಗೆ ನಿನ್ನ ಗಾಡ್ಯಾಗ ಬರ್ತೀನಿ."

ಸುಮಲತಾ ಹೊರಗೆ ಹೋಗಿ ಅಂಗಡಿಯಿಂದ ಹೊಸ ಪೈಪು, ಎರಡು ಕ್ಲಿಪ್ ತಂದಳು. ಹಾಕಿ, ಬಿಗಿ ಮಾಡಿ, ಎಳೆದು ನೋಡಿದಳು. ಬಾನೆಟ್ ಮುಚ್ಚುವ ಮುಂಚೆ ಮತ್ತೊಮ್ಮೆ ಎಳೆದು ನೋಡಿದಳು.