ಹಾಡು ಶುರುವಾಗುವ ಮುನ್ನ ಮಾತಾಡುವವನು

"ನಿಮ್ಮ ಬಾಯಿಗೆ ಬೀಗ ಇಲ್ವೇನ್ರೀ?"

ರೇಡಿಯೋ ಸ್ಟೇಷನ್ನಿನ ಗಾಜಿನ ಕೋಣೆಯ ಬಾಗಿಲನ್ನು ಧಡಾರನೆ ತಳ್ಳಿ ಒಳಗೆ ಬಂದವಳು ಆಡಿದ ಮೊದಲ ಮಾತೇ ಅದು. ಟೊಪ್ಪಿಯ ಮೇಲಿನ ಹಿಮ ಕರಗಿ ಅವಳ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳುವ ವ್ಯವಧಾನವೂ ಅವಳಿಗಿರಲಿಲ್ಲ.

ಮೈಕಿನ ಮುಂದೆ ಕೂತಿದ್ದವನು ತುಟಿಗೆ ಬೆರಳಿಟ್ಟು, ಗೋಡೆಯ ಕೆಂಪು ದೀಪ ತೋರಿಸಿದ.

ದೀಪ ಉರಿಯುತ್ತಿತ್ತು. ಅಂದರೆ... ಅವಳ ಮಾತು ಇಡೀ ಈರಿ ಊರಿಗೆ ಕೇಳಿಸಿತ್ತು!

"ಕೇಳಿದ್ರಲ್ಲ ಸ್ನೇಹಿತರೇ," ಅವನು ಮೈಕಿಗೆ ಬಾಗಿ ನಕ್ಕ. "ನಮ್ಮೂರಿನ ಅಭಿಮಾನ ಅಂದ್ರೆ ಇದು! ಒಂದು ಹಾಡು ಕೇಳ್ತಾ ಇರಿ, ಅಷ್ಟರಲ್ಲಿ ನಾನು ಬೀಗ ಹುಡುಕ್ತೀನಿ."

ರೆಕಾರ್ಡು ತಿರುಗಿತು. ದೀಪ ಆರಿತು.

"ನಾನು ಅಭಿಮಾನಿ ಅಲ್ಲ," ಎಂದಳು ಅವಳು ಹಲ್ಲು ಕಚ್ಚಿ. "ಡೊರೀನ್ ಕುಬಿಯಾಕ್."

ಅವನು ಎದ್ದ ರಭಸಕ್ಕೆ ಕಾಫಿ ಲೋಟ ಉರುಳಿತು.

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಆ ಚಳಿಗಾಲದಲ್ಲಿ, ಸರೋವರದ ದಡದ ನಮ್ಮೂರಲ್ಲಿ ಆ ಹೆಸರು ಗೊತ್ತಿಲ್ಲದವರು ಯಾರಿದ್ದರು? ರೈಲು ಎಂಜಿನ್ ಕಾರ್ಖಾನೆಯಲ್ಲಿ ದುಡಿಯುವ ಸ್ಟೆಲ್ಲಾಳ ಮಗಳು. ತಾನೇ ಬರೆದು, ತಾನೇ ಪಿಯಾನೋ ನುಡಿಸಿ ಹಾಡಿದ 'ಬಂದೆಯಾ' ಅನ್ನುವ ಹಾಡು ದೇಶದ ರೇಡಿಯೋಗಳಲ್ಲೆಲ್ಲ ಮೊಳಗುತ್ತಿತ್ತು. ನಮ್ಮೂರಲ್ಲಿ ದಿನಾ ಮಧ್ಯಾಹ್ನ ಅದನ್ನು ಹಾಕುತ್ತಿದ್ದವನು ಈ ಗ್ಲೆನ್ ಹ್ಯಾಗರ್ಟಿ.

ಹಾಕುತ್ತಿದ್ದ, ನಿಜ. ಆದರೆ ಸುಮ್ಮನೆ ಹಾಕುತ್ತಿದ್ದನೇ?

ಆಗಿನ ರೇಡಿಯೋದವರ ಕಸುಬೇ ಹಾಗಿತ್ತು. ಹಾಡಿನ ಮೊದಲಿಗೆ ಬರುವ ವಾದ್ಯದ ಮೇಲೆ ತಾವು ಮಾತು ಹರಿಸಬೇಕು. ಹಾಡುವವರು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ತಾವು ಬಾಯಿ ಮುಚ್ಚಬೇಕು. ಒಂದು ಮಾತು ಹೆಚ್ಚಾದರೆ ನಗೆಪಾಟಲು. ಒಂದು ಮಾತು ಕಡಿಮೆಯಾದರೆ ಬರೀ ವಾದ್ಯ, ಅವರ ಲೆಕ್ಕದಲ್ಲಿ ಅದೂ ಮೌನವೇ. ರೇಡಿಯೋದಲ್ಲಿ ಮೌನಕ್ಕಿಂತ ದೊಡ್ಡ ಪಾಪವಿಲ್ಲ.

"ಇವತ್ತು ನನ್ನ ಪಿಯಾನೋ ಮೇಲೆ ಏನು ಮಾತಾಡಿದ್ರಿ, ನೆನಪಿದೆಯಾ?" ಡೊರೀನ್ ಕೇಳಿದಳು.

"ಬೂಟು! ಒಂದು ಜೊತೆ ಬೂಟು ತಗೊಂಡ್ರೆ ಕಾಲುಚೀಲ ಉಚಿತ. ನೀವು 'ಬಂದೆಯಾ' ಅನ್ನೋಕೆ ಕೂದಲೆಳೆ ಮುಂಚೆ ನಿಲ್ಲಿಸ್ದೆ. ಎಷ್ಟು ಚೆನ್ನಾಗಿ ಬಂತು ಅಲ್ವಾ?"

ಅವನ ಮುಖ ಮೆಚ್ಚುಗೆಗಾಗಿ ಕಾಯುತ್ತಿತ್ತು. ಡೊರೀನ್‌ಗೆ ಅವನ ತಲೆಗೆ ಅದೇ ಬೂಟಿನಲ್ಲಿ ಹೊಡೆಯಬೇಕೆನಿಸಿತು.

"ಅಲ್ಲಿ ಪಿಯಾನೋ ಇದೆ ಕಣ್ರೀ! ಅದನ್ನ ಒಂದೇ ಒಂದ್ಸಲ ಪೂರ್ತಿ ಕೇಳಿಸೋಕೆ ನಿಮಗೇನು ರೋಗ?"

"ನನ್ನ ಯಾಕೆ ಬೈತೀರಿ? ನಿಮ್ಮ ಕಂಪನಿಯೋರನ್ನ ಕೇಳಿ." ಅವನು ಮೇಜಿನ ಮೇಲಿದ್ದ ಅವಳ ರೆಕಾರ್ಡನ್ನು ಎತ್ತಿ, ಅದರ ನಡುವಿನ ಕಾಗದದ ಮೇಲೆ ಬೆರಳಿಟ್ಟ. "ಹದಿನೆಂಟು ಅಂತ ಅಚ್ಚು ಹಾಕಿದಾರೆ ನೋಡಿ. ಹದಿನೆಂಟು ಸೆಕೆಂಡ್ ಮಾತಾಡ್ಕೋ ಮಗನೇ ಅಂತ."

ಡೊರೀನ್ ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ತನ್ನದೇ ರೆಕಾರ್ಡು. ಆ ಅಂಕಿಯನ್ನು ಹಿಂದೆಯೂ ನೋಡಿದ್ದಳು, ರೆಕಾರ್ಡು ಅಚ್ಚು ಹಾಕುವವರ ಯಾವುದೋ ಗುರುತು ಅಂದುಕೊಂಡಿದ್ದಳು... ಮಾರುವವರೇ ಅವಳ ಪಿಯಾನೋವನ್ನು ಜಗುಲಿಯ ಹಾಗೆ ದಾರಿಹೋಕರಿಗೆ ಬಿಟ್ಟುಕೊಟ್ಟಿದ್ದರು!

"ಅದು ಬರೀ ಶುರು ಅಲ್ಲ," ಎಂದಳು ಅವಳು. "ಅದೇ ಹಾಡು. ಮಾತೆಲ್ಲ ಆಮೇಲೆ ಬಂದದ್ದು."

"ಹಾಗಾದ್ರೆ ಏನದು? ಹೇಳಿ."

ಬೂಟು ಮಾರಿದವನಿಗೆ ಅದನ್ನು ಹೇಗೆ ಹೇಳುವುದು?

"ನಿಮಗೆ ಹೇಳಲ್ಲ," ಎಂದು ಹೊರಟುಹೋದಳು.

ಅವನಿಗೆ ಹೇಳದಿದ್ದರೂ ನಿಮಗೆ ಹೇಳುತ್ತೇನೆ.

ಅಪ್ಪನಿಲ್ಲದ ಮನೆಯಲ್ಲಿ, ಚಳಿಗಾಲದ ಸಂಜೆ ಬೇಗ ಕತ್ತಲಾದಾಗ, ಪುಟ್ಟ ಡೊರೀನ್ ಒಬ್ಬಳೇ ಕೂತು ಕಾಯುತ್ತಿದ್ದಳು. ಸ್ಟೆಲ್ಲಾ ಕಾರ್ಖಾನೆಯಿಂದ ಬಂದು ಮುಂಬಾಗಿಲ ಮರದ ಮೆಟ್ಟಿಲ ಮೇಲೆ ಬೂಟಿನ ಹಿಮ ಕೊಡವುವಳು. ಅವಳ ಎಡ ಮೊಣಕಾಲು ಬಿಗಿ. ಅದಕ್ಕೇ ಆ ಸದ್ದಿನಲ್ಲಿ ಒಂದು ಕುಂಟು ಇರುತ್ತಿತ್ತು. ಧಪ್... ಧಪ್... ಧಪಧಪ. ಅದು ಕಿವಿಗೆ ಬಿದ್ದೊಡನೆ ಮಗುವಿನ ಭಯ ಇಳಿದುಹೋಗುತ್ತಿತ್ತು.

ಆ ಹದಿನೆಂಟು ಸೆಕೆಂಡಿನ ಪಿಯಾನೋ ಅಂದರೆ ಆ ಬೂಟಿನ ಸದ್ದೇ. ಡೊರೀನ್ ಅದನ್ನು ಯಾರಿಗೂ ಹೇಳಿರಲಿಲ್ಲ, ಅಮ್ಮನಿಗೂ. ಇಡೀ ದಿನ ಎಂಜಿನ್ ಸದ್ದು ಕೇಳಿ ಬಂದವಳಿಗೆ ಮತ್ತೆ ಸದ್ದು ಬೇಡವೆಂದು, ಅಮ್ಮ ಬರುವ ಹೊತ್ತಿಗೆ ಪಿಯಾನೋ ಮುಚ್ಚಿಬಿಡುತ್ತಿದ್ದಳು.

ಜಗಳ ಆಡಿದವರು ಮತ್ತೆ ಮುಖ ನೋಡಬಾರದಲ್ಲವೇ? ಇವರು ನೋಡಿದರು. ಪ್ರತಿ ಶುಕ್ರವಾರ ಚರ್ಚಿನ ನೆಲಮಾಳಿಗೆಯಲ್ಲಿ ಸರೋವರದ ಮೀನು ಹುರಿಯುತ್ತಾರೆ, ಊರೆಲ್ಲ ಸೇರುತ್ತದೆ. ಡೊರೀನ್ ಬೇರೆ ಊರುಗಳಲ್ಲಿ ಹಾಡಿ ಬಂದಾಗಲೆಲ್ಲ ಅಲ್ಲಿರುತ್ತಿದ್ದಳು. ಎದುರು ಬೆಂಚಿನಲ್ಲಿ ಗ್ಲೆನ್.

"ಈ ವಾರ ನನ್ನ ಮೇಲೆ ಏನು ಮಾರಿದ್ರಿ?"

"ಹಾಸಿಗೆ."

"ಥೂ!"

"ಬುಧವಾರ ಬರೀ ಹವಾಮಾನ. ನಿಮಗೆ ಬೇಜಾರಾಗುತ್ತೆ ಅಂತ."

ನಗಬಾರದೆಂದು ಅವಳು ನಿಂಬೆಹೋಳು ಹಿಂಡುತ್ತಾ ತಲೆ ತಗ್ಗಿಸುತ್ತಿದ್ದಳು. 'ಬಾಯಿ ಮುಚ್ಚಿದಾಗ ಎಷ್ಟು ಚೆನ್ನಾಗಿ ಕಾಣ್ತಾನೆ... ಆದ್ರೆ ಮುಚ್ಚೋದು ಮೀನು ಅಗಿಯುವಾಗ ಮಾತ್ರ!'

ಪ್ರೀತಿ ಅಂದರೆ ಅದೇ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಅಲ್ಲಿ ಮೀನು ಬಡಿಸುವ ಹೆಂಗಸರಿಗೆಲ್ಲ ಹೊಳೆದಿತ್ತು.

ಎರಡನೆಯ ರೆಕಾರ್ಡಿನ ಕೆಲಸ ಮುಗಿಸಿ ಬಂದ ಶುಕ್ರವಾರ ಡೊರೀನಳ ಕಣ್ಣು ಹೊಳೆಯುತ್ತಿತ್ತು.

"ಎಲ್ಲ ಹಾಡಲ್ಲೂ ಮೊದಲ ಕ್ಷಣಕ್ಕೇ ನನ್ನ ದನಿ. ಸೂಜಿ ಇಟ್ರೆ ಸಾಕು, ನಾನೇ! ನಿಮ್ಮಂಥೋರು ತೂರೋಕೆ ಎಳ್ಳಷ್ಟೂ ಜಾಗ ಇಲ್ಲ."

ಗ್ಲೆನ್ ಫೋರ್ಕು ಕೆಳಗಿಟ್ಟ. "ಬೇಡ ಡೊರೀನ್... ಇನ್ನೂ ಬದಲಾಯಿಸೋಕೆ ಆಗುತ್ತಾ?"

"ಯಾಕೆ?"

"ಮಾತಿಗೆ ಜಾಗ ಇಲ್ಲದ ಹಾಡನ್ನ ನಮ್ಮೋರು ಮುಟ್ಟಲ್ಲ. ಎಲ್ಲ ಊರಲ್ಲೂ ಅಷ್ಟೆ. ಚೆನ್ನಾಗಿದ್ರೂ ಪಕ್ಕಕ್ಕೆ ಇಡ್ತಾರೆ."

"ಅಂದ್ರೆ ನನ್ನ ಹಾಡು ಯಾರಿಗೂ ಬೇಕಾಗಿಲ್ಲ. ನಿಮ್ಮ ಮಾತಿಗೊಂದು ಚಾಪೆ ಬೇಕು ಅಷ್ಟೆ!"

"ನಾನು ನಿಮ್ಮ ಒಳ್ಳೇದಕ್ಕೆ ಹೇಳ್ತಿದೀನಿ..."

"ನಿಮ್ಮ ಒಳ್ಳೇದಕ್ಕೆ!"

ಅವನಿಗೂ ರೇಗಿತು. "ಈ ಊರಲ್ಲಿ ನಿಮ್ಮ ಹಾಡಿಗೆ ಜನ ಸಿಕ್ಕಿದ್ದು ಯಾರ ಮಾತಿಂದ, ಸ್ವಲ್ಪ ಯೋಚ್ನೆ ಮಾಡಿ!"

ಆಡಿದ ಕೂಡಲೇ ನಾಲಿಗೆ ಕಚ್ಚಿಕೊಂಡ. ಏನು ಪ್ರಯೋಜನ? ಮಾತನ್ನು ಎಲ್ಲಿ ನಿಲ್ಲಿಸಬೇಕೆಂದು ಇಡೀ ಊರಿನಲ್ಲಿ ಬಲ್ಲವನು ಅವನೊಬ್ಬನೇ. ಅವನೇ ಆ ದಿನ ನಿಲ್ಲಿಸಲಿಲ್ಲ.

ಡೊರೀನ್ ಎದ್ದು ಕೋಟು ಹಾಕಿಕೊಂಡಳು. ತಟ್ಟೆಯಲ್ಲಿ ಮೀನು ಹಾಗೇ ಇತ್ತು. ನಮ್ಮೂರಲ್ಲಿ ಬಿಸಿ ಮೀನು ಬಿಟ್ಟು ಎದ್ದರೆ ಅದು ಸಣ್ಣ ಜಗಳವಲ್ಲ.

ಅವನು ಹೇಳಿದಂತೆಯೇ ಆಯಿತು. ಅದೇ ಇನ್ನೂ ಕೆಟ್ಟದ್ದು! ಹೇಳಿದವನು ಸುಳ್ಳಾಗಿದ್ದರೆ ಕ್ಷಮಿಸಬಹುದಿತ್ತು.

ಆ ರೆಕಾರ್ಡನ್ನು ಹೊರಗಿನ ಯಾವ ಊರಿನ ರೇಡಿಯೋದವರೂ ಬೇಕೆನ್ನಲಿಲ್ಲ. ಕಂಪನಿಯವನು ನ್ಯೂಯಾರ್ಕಿನಿಂದ ಫೋನು ಮಾಡಿ, "ಹಾಡು ಚೆನ್ನಾಗಿವೆ ತಾಯಿ, ಆದ್ರೆ ಬಾಗಿಲು ತೆಗೆಯೋಕೆ ಮುಂಚೆನೇ ಮುಖಕ್ಕೆ ಹೊಡೀತಾವೆ," ಎಂದ. ಅದಾದ ಮೇಲೆ ಅವನ ಫೋನು ಬರಲಿಲ್ಲ. ಎರಡು ಚಳಿಗಾಲದಲ್ಲಿ ಹೆಸರು ಮಾಡಿ ಮೇಲೇರಿದವಳು ಮೂರನೆಯದಕ್ಕೆ ಮನೆಗೆ ಬಂದಳು. ವಾಂಡಾಳ ಬೇಕರಿಯಲ್ಲಿ ಬ್ರೆಡ್ಡು ಕಟ್ಟಿಕೊಡುವ ಕೆಲಸ ಹಿಡಿದಳು. ಪಿಯಾನೋದ ಮುಚ್ಚಳ ತೆಗೆಯಲೇ ಇಲ್ಲ.

"ನೀನು ಆ ಹಾಡಿನ ಹುಡುಗಿ ಅಲ್ವಾ?" ಎಂದು ಜನ ಕೇಳುವರು. ಹೌದೆನ್ನುವಷ್ಟರಲ್ಲಿ, "ಒಂದು ಡಜನ್ ಬನ್ನು ಕೊಡು, ಮೇಲಿನವು ಬೇಡ, ಬಿಸಿದು ಕೊಡು," ಎನ್ನುವರು.

ಮನೆಗೆ ಬಂದರೆ ಅಲ್ಲಿ ಇನ್ನೊಂದು. ಸ್ಟೆಲ್ಲಾ ಮಗಳ ಮೊದಲ ರೆಕಾರ್ಡಿಗೆ ಗಾಜಿನ ಚೌಕಟ್ಟು ಹಾಕಿಸಿ ಮೇರಿ ಮಾತೆಯ ಪಟದ ಪಕ್ಕ ತೂಗುಹಾಕಿದ್ದಳು.

"ಇಳಿಸಮ್ಮಾ ಅದನ್ನ!"

"ಇಳಿಸಲ್ಲ. ಹಾಕಿ ಹಾಕಿ ಸವೆದುಹೋಗುತ್ತೆ."

"ಗೋಡೆ ಮೇಲೆ ನೇತಾಡ್ತಿದ್ರೆ ಕೇಳೋದು ಹೇಗೆ?"

"ರೇಡಿಯೋದಲ್ಲಿ ಕೇಳಿದೀನಲ್ಲ, ಆ ಬೂಟಿನ ಹುಡುಗ ಹಾಕ್ತಾನಲ್ಲ... ಎಂಥಾ ದನಿ ಕಣೇ ಅವನದು!"

ಡೊರೀನ್ ದಿಂಬಿನಲ್ಲಿ ಮುಖ ಹುದುಗಿಸಿ ಕಿರುಚಿದಳು.

'ಅವನು... ನನ್ನ ಎರಡನೇ ರೆಕಾರ್ಡನ್ನ ಒಂದ್ಸಲನಾದ್ರೂ ಹಾಕಿದನಾ? ಅವನೂ ಪಕ್ಕಕ್ಕಿಟ್ಟನಾ?' ಕೇಳಬೇಕೆಂದರೆ ರೇಡಿಯೋ ಹಚ್ಚಬೇಕು. ಹಚ್ಚಿದರೆ ಅವನ ದನಿ ಬರುತ್ತದೆ. ಅದು ಬೇಡ... ಬೇಡವೇ?

ಒಂದು ಮಧ್ಯಾಹ್ನ ಬೇಕರಿಯಲ್ಲಿ ವಾಂಡಾ ತಾನೇ ರೇಡಿಯೋ ಹಚ್ಚಿದಳು. ಅಂಗಡಿ ತುಂಬ ಜನ.

"ಸ್ನೇಹಿತರೇ," ಎಂದಿತು ಆ ದನಿ. ಯಾಕೋ ಇಳಿದುಹೋಗಿತ್ತು. "ಹಳೇ ಹಾಡುಗಳನ್ನ ಕಪಾಟಿಂದ ತೆಗೀಬೇಕು ಅಂತ ನಮ್ಮ ಮ್ಯಾನೇಜರ್ ಅಪ್ಪಣೆ. ಇದು ಇವತ್ತೇ ಕೊನೆ. ಡೊರೀನ್ ಕುಬಿಯಾಕ್."

ಅಷ್ಟೇ. ನಿಲ್ಲಿಸಿಬಿಟ್ಟ!

ಪಿಯಾನೋ ಬಂತು. ಧಪ್... ಧಪ್... ಧಪಧಪ. ಮೇಲೆ ಒಂದು ಮಾತಿಲ್ಲ.

"ಏನಾಯ್ತು ಇವನಿಗೆ?" ಸಾಲಿನಲ್ಲಿದ್ದ ಮುದುಕಿಯೊಬ್ಬಳು ಗಾಬರಿಯಾದಳು. "ಎದೆ ನೋವು ಬಂತಾ?"

"ರೇಡಿಯೋ ಕೆಟ್ಟಿರ್ಬೇಕು," ವಾಂಡಾ ಅದರ ನೆತ್ತಿಗೆ ಎರಡು ಬಡಿದಳು.

"ಮುಟ್ಬೇಡಿ!" ಡೊರೀನ್ ಕೂಗಿದಳು. "ದಯವಿಟ್ಟು... ಮುಟ್ಬೇಡಿ."

ಕೈಯಲ್ಲಿ ಯಾರದೋ ಬ್ರೆಡ್ಡು ಹಾಗೇ ಇತ್ತು. ಮೊದಲ ಬಾರಿಗೆ ಅವಳ ಊರು ಅದನ್ನು ಪೂರ್ತಿ ಕೇಳುತ್ತಿತ್ತು... ಬೂಟು ಅಂಗಡಿಯಿಲ್ಲದೆ, ಹಾಸಿಗೆಯಿಲ್ಲದೆ.

ಹಾಡು ಮುಗಿಯಿತು. "ಇದರ ಶುರುವನ್ನ ಇಷ್ಟು ದಿನ ನಾನು ನಿಮಗೆ ಕೇಳಿಸಲೇ ಇಲ್ಲ," ಎಂದ ಗ್ಲೆನ್. "ತಪ್ಪಾಯ್ತು."

'ಈಗಲಾ?' ಡೊರೀನಳ ಕಣ್ಣಲ್ಲಿ ನೀರು, ಎದೆಯಲ್ಲಿ ಬೆಂಕಿ. 'ಎಲ್ಲ ಮುಗಿದ ಮೇಲಾ? ಪುಣ್ಯಾತ್ಮ! ಯಾವುದನ್ನೂ ಸರಿಯಾದ ಹೊತ್ತಿಗೆ ಮಾಡೋಕೆ ಬರಲ್ವಾ ಇವನಿಗೆ?'

ಸಂಜೆ ಅವಳು ಮನೆಯಲ್ಲಿ ಒಬ್ಬಳೇ ಕೂತಿದ್ದಳು. ಹೊರಗೆ ಕತ್ತಲು, ಹಿಮ. ಮೆಟ್ಟಿಲ ಮೇಲೆ ಸದ್ದಾಯಿತು. ಧಪ್... ಧಪ್... ಧಪಧಪ. ಅಮ್ಮ ಬಂದಳು.

ಆದರೆ ಬಾಗಿಲು ತೆರೆಯಲಿಲ್ಲ. ಗಂಡಸಿನ ದನಿ ಕೇಳಿಸಿತು.

"ಅಮ್ಮಾ... ಇನ್ನೊಂದ್ಸಲ."

"ಯಾರಯ್ಯಾ ನೀನು, ಕತ್ತಲಲ್ಲಿ? ಏನು ಇನ್ನೊಂದ್ಸಲ?"

"ಬೂಟು. ಈಗ ಕೊಡವಿದ್ರಲ್ಲ... ಹಾಗೇ ಇನ್ನೊಂದ್ಸಲ ಕೊಡವಿ."

"ಕುಡಿದಿದೀಯಾ?"

"ಇಲ್ಲಮ್ಮಾ. ದಮ್ಮಯ್ಯ."

ಸ್ಟೆಲ್ಲಾ ಗೊಣಗಿಕೊಂಡೇ ಕೊಡವಿದಳು. ಧಪ್... ಧಪ್... ಧಪಧಪ.

ಡೊರೀನ್ ಬಾಗಿಲು ತೆರೆದಳು. ತಪ್ಪೊಪ್ಪಿಕೊಳ್ಳಲು ಬಂದು, ಬಾಗಿಲು ತಟ್ಟಲು ಧೈರ್ಯ ಸಾಲದೆ, ಗ್ಲೆನ್ ಹಿಮದಲ್ಲಿ ಕಂಬದ ಹಾಗೆ ನಿಂತಿದ್ದ. ಮುಖ ಬಿಳುಚಿತ್ತು.

"ಇದಾ?" ಎಂದ.

"ಇದೇ."

"ಇದರ ಮೇಲೆ... ನಾನು ಬೂಟು ಮಾರಿದೆನಾ?"

"ಕಾಲುಚೀಲ ಉಚಿತ ಅಂದ್ರಿ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಯಾರಾದ್ರೂ ಬಾಯಿಬಿಟ್ಟು ಹೇಳ್ತೀರಾ ಏನಿದು ಅಂತ?" ಸ್ಟೆಲ್ಲಾ ಇಬ್ಬರನ್ನೂ ಒಳಗೆ ತಳ್ಳಿದಳು. "ಮನೆ ಬಿಸಿಯೆಲ್ಲ ಬೀದಿಗೆ ಹೋಗ್ತಿದೆ!"

ಡೊರೀನ್ ಪಿಯಾನೋ ಮುಂದೆ ಕೂತು, ಎಷ್ಟೋ ತಿಂಗಳ ಮೇಲೆ ಮುಚ್ಚಳ ತೆಗೆದು, ಅದಷ್ಟನ್ನೇ ನುಡಿಸಿದಳು.

ಒಂದು ಬೂಟು ಬಿಚ್ಚಿದ್ದ ಸ್ಟೆಲ್ಲಾ ಹಾಗೇ ನಿಂತಳು. ಗೋಡೆಯ ರೆಕಾರ್ಡು ನೋಡಿದಳು. ಮಗಳನ್ನು ನೋಡಿದಳು.

"ನನ್ನ ಮೊಣಕಾಲು ಅಷ್ಟು ಕುಂಟುತ್ತೇನೇ?" ಎಂದಳು ಮೆಲ್ಲಗೆ. ಉತ್ತರಕ್ಕೆ ಕಾಯದೆ, ಒಂದೇ ಬೂಟಿನಲ್ಲಿ ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ನಿಮ್ಮ ಎರಡನೇ ರೆಕಾರ್ಡ್ ನಾನು ಹಾಕ್ತಿದ್ದೆ," ಗ್ಲೆನ್ ತಡವರಿಸಿದ. "ಮ್ಯಾನೇಜರ್ ಬೈದ. ಆದ್ರೂ ಹಾಕಿದೆ. ಪ್ರತೀ ಹಾಡೂ ನನ್ನ ಬೈಯೋಕೇ ಶುರುವಾದ ಹಾಗಿತ್ತು..."

"ಬೈಯೋಕೇ ಬರೆದದ್ದು."

"ಗೊತ್ತಾಯ್ತು. ನೋಡಿ... ಇಷ್ಟವಿಲ್ಲದ ಹಾಡಿಗೆ ನಾನು ಗಂಟೆ ಎಷ್ಟು ಅಂತ ಹೇಳಿ ಬಿಟ್ಬಿಡ್ತೀನಿ. ನಿಮ್ಮದಕ್ಕೆ ದಿನಾ ಬೆಳಗ್ಗೆ ಗಡ್ಡ ಮಾಡ್ಕೋತಾ ಮಾತು ಅಭ್ಯಾಸ ಮಾಡ್ತಿದ್ದೆ. ಅದು ಗೌರವ ಅಂತ ತಿಳ್ಕೊಂಡಿದ್ದೆ."

"ಅಯ್ಯೋ ದೇವರೇ," ಡೊರೀನ್ ಹಣೆ ಚಚ್ಚಿಕೊಂಡಳು. "ಇದನ್ನ ಮೊದಲೇ ಹೇಳೋಕೆ ಏನಾಗಿತ್ತು?"

"ಅದೇನು ಅಂತ ನೀವು ಮೊದಲೇ ಹೇಳೋಕೆ ಏನಾಗಿತ್ತು?"

ಅವಳು ಬೆರಳನ್ನು ಮತ್ತೆ ಪಿಯಾನೋ ಮೇಲಿಟ್ಟಳು.

"ಹದಿನೆಂಟು ಸೆಕೆಂಡ್ ಇದೆ. ಹೇಳೋದಿದ್ರೆ ಹೇಳಿಬಿಡಿ."

ಧಪ್... ಧಪ್... ಧಪಧಪ.

"ಡೊರೀನ್, ನಾನು... ಅಂದ್ರೆ... ಹೊರಗೆ ಇವತ್ತು ಹಿಮ..."

"ಹವಾಮಾನ ಬೇಡ!"

"ಆ ಮೀನಿನ ದಿನದಿಂದ ನನಗೆ... ಮೀನು ಸೇರ್ತಿಲ್ಲ... ಅಲ್ಲ, ಅದಲ್ಲ..."

ದನಿ ಬರಬೇಕಾದ ಜಾಗ ಬಂದೇಬಿಟ್ಟಿತು. ಜೀವಮಾನದಲ್ಲಿ ಒಮ್ಮೆಯೂ ತಡವಾಗದ ಗ್ಲೆನ್ ಹ್ಯಾಗರ್ಟಿ ನಡುವೆಯೇ ಸಿಕ್ಕಿಬಿದ್ದಿದ್ದ.

ಡೊರೀನ್ ಹಾಡಲಿಲ್ಲ. ತಿರುಗಿ ಮೊದಲಿನಿಂದ ನುಡಿಸತೊಡಗಿದಳು.

"ಎಷ್ಟು ಸಲ ನುಡಿಸ್ತೀಯಾ?" ಅವನ ಬಾಯಿಂದ ಏಕವಚನ ತಾನಾಗಿ ಜಾರಿತು.

"ನೀನು ಮುಗಿಸೋವರೆಗೂ."

ಅವನು ಅವಳ ಪಕ್ಕ, ಆ ಸಣ್ಣ ಪೀಠದ ತುದಿಯಲ್ಲಿ ಕೂತ. ಮೈಕಿಗೆ ಎಂದೂ ಕೇಳಿಸದಷ್ಟು ಮೆಲ್ಲಗೆ ಹೇಳಿದ, "ನಿನ್ನ ಬಿಟ್ಟು ಇರೋಕಾಗ್ತಿಲ್ಲ ಕಣೇ."

"ಮುಗೀತೇನ್ರೋ?" ಅಡಿಗೆಮನೆಯಿಂದ ಸ್ಟೆಲ್ಲಾ ಕೂಗಿದಳು. "ಸೂಪು ಆರ್ತಿದೆ!"

ಡೊರೀನ್ ಕಣ್ಣೊರೆಸಿಕೊಳ್ಳಲಿಲ್ಲ, ಎರಡು ಕೈಯೂ ಪಿಯಾನೋ ಮೇಲಿದ್ದವು. ಸರಿಯಾದ ಜಾಗ ಬಂತು. ಹಾಡಿದಳು.

"ಬಂದೆಯಾ..."

"ಬಂದೆ."

"ಶ್... ಹಾಡಿನ ಮೇಲೆ ಮಾತಾಡ್ಬೇಡ!"

"ತಪ್ಪಾಯ್ತು."

ಅವಳು ನಕ್ಕು ಅವನ ಭುಜಕ್ಕೆ ತಲೆಯಾನಿಸಿದಳು.

"ಹೋಗ್ಲಿ... ಇವತ್ತೊಂದಿನ ಮಾತಾಡು."