ಮಕ್ಕಳ ಮೂಲೆಯ ರ‍್ಯಾಂಕು

"ಚೆನ್ನಾಗಿಲ್ಲ ಅಂತ ನಾನು ಹೇಳ್ತಿಲ್ಲ ಪುಟ್ಟ, ನಂಬರ್ ಹೇಳ್ತಿದೆ," ಎಂದರು ಶ್ಯಾಮಸುಂದರ್ ಅಂಕಲ್. ಬಲಗೈಯಲ್ಲಿ ಬೋಂಡಾ ಇದ್ದುದರಿಂದ ಎಡಗೈಯಲ್ಲೇ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದರು.

ಸ್ನೇಹಾ ಬಗ್ಗಿ ನೋಡಿದಳು. ಕನ್ನಡ ಸಂಘದ ವೆಬ್‌ಸೈಟಿನ ಹೆಸರಿನ ಮುಂದೆ ಎಪ್ಪತ್ತು ಲಕ್ಷ ಚಿಲ್ಲರೆ ಎಂದಿತ್ತು.

"ವಾವ್! ಅಷ್ಟೊಂದು ಜನ ಓದಿದಾರಾ?"

ಅಂಕಲ್ ಮಗ ಧನಂಜಯ್ ಕಿಸಕ್ಕನೆ ನಕ್ಕ. ಅವನು ಸ್ನೇಹಾಳ ಕ್ಲಾಸೇ. "ರ‍್ಯಾಂಕ್ ಕಣೆ ಅದು! ಪ್ರಪಂಚದಲ್ಲಿ ನಮಗಿಂತ ಮುಂದೆ ಎಪ್ಪತ್ತು ಲಕ್ಷ ಸೈಟ್ ಇದಾವೆ ಅಂತ."

ಕುವೈತಿನ ಸಲ್ವಾ ಬಡಾವಣೆಯ ಅವರ ಫ್ಲಾಟಿನಲ್ಲಿ ಸಂಘದ ಕಮಿಟಿ ಮೀಟಿಂಗ್ ನಡೆದಿತ್ತು. ಶ್ಯಾಮಸುಂದರ್ ಅಂಕಲ್ ಸಂಘದ ಸೆಕ್ರೆಟರಿ. ಕುವೈತ್ ಸಿಟಿಯ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ವಿಭಾಗದ ದೊಡ್ಡ ಆಫೀಸರ್. ಆದ್ದರಿಂದ ಕಂಪ್ಯೂಟರ್ ಬಗ್ಗೆ ಅವರು ಏನು ಹೇಳಿದರೂ ಸಂಘದಲ್ಲಿ ಯಾರೂ ಎದುರಾಡುತ್ತಿರಲಿಲ್ಲ. ಯಾವ ಸೈಟಿಗೆ ಎಷ್ಟನೇ ರ‍್ಯಾಂಕ್ ಎಂದು ಪುಕ್ಕಟೆ ತೋರಿಸುವ ಒಂದು ಜಾಗವನ್ನು ಅವರು ಹೊಸದಾಗಿ ಕಂಡುಹಿಡಿದಿದ್ದರು. ಅಂದಿನಿಂದ ಬ್ಯಾಂಕು, ಸ್ಕೂಲು, ಉಪ್ಪಿನಕಾಯಿ ಕಂಪನಿ ಯಾವುದನ್ನೂ ಬಿಡದೆ ಅಳೆದಿದ್ದರು. ಈಗ ಸಂಘದ ಸರದಿ.

ಸಂಘದ ಸೈಟಿನಲ್ಲಿ 'ಮಕ್ಕಳ ಮೂಲೆ' ಸ್ನೇಹಾಳದು. ಆಯಿ, ಅಂದರೆ ಅಪ್ಪನ ಅವ್ವ ಕಾಳವ್ವ, ವಿಸಿಟ್ ವೀಸಾದಲ್ಲಿ ಬಾಗಲಕೋಟೆಯಿಂದ ಬಂದಿದ್ದಳು. ವಾರಕ್ಕೊಂದು ಕತೆ ಹೇಳುತ್ತಿದ್ದಳು. ಆಯಿ ಹೇಗೆ ಹೇಳಿದಳೋ ಹಾಗೇ ಸ್ನೇಹಾ ಟೈಪ್ ಮಾಡಿ, 'ಆಯಿ ಹೇಳಿದ ಕತೆ' ಎಂದು ಹಾಕುತ್ತಿದ್ದಳು.

"ಆ ಮೂಲೆನ ಯಾರಾದ್ರೂ ಓದ್ತಿದ್ರೆ ಸೈಟು ಇಷ್ಟು ಕೆಳಗೆ ಇರ್ತಿತ್ತಾ?" ಎಂದರು ಅಂಕಲ್. "ಭಾಷೆನೂ ಸ್ವಲ್ಪ... ಎಲ್ಲರಿಗೂ ಅರ್ಥ ಆಗ್ಬೇಕಲ್ಲ, ಸಿದ್ದಲಿಂಗೇಶ್?"

ಸ್ನೇಹಾಳ ಅಪ್ಪ ಸಿದ್ದಲಿಂಗೇಶ ಎಣ್ಣೆ ಕಂಪನಿಯಲ್ಲಿ ಟೆಕ್ನೀಷಿಯನ್. "ನೋಡೂಣ್ರಿ," ಎಂದರು. ನೋಡಿದ್ದು ಮಾತ್ರ ತಮ್ಮ ತಟ್ಟೆಯ ಬೋಂಡಾವನ್ನು.

ತೀರ್ಮಾನವಾಯಿತು. ಸಂಘದ ಊಟದ ಫೋಟೋಗಳ ಒಂದು ಗ್ಯಾಲರಿ ಹಾಕುವುದು. ಒಂದು ತಿಂಗಳು ಮಕ್ಕಳ ಮೂಲೆಯೂ ಇರಲಿ. ಅಷ್ಟರಲ್ಲಿ ರ‍್ಯಾಂಕ್ ಏರದಿದ್ದರೆ ಮೂಲೆಯನ್ನು ತೆಗೆಯುವುದು.

ಮನೆಗೆ ಬಂದಾಗ ಆಯಿ ರೊಟ್ಟಿ ಬಡಿಯುತ್ತಿದ್ದಳು. "ಏನಂದ್ರಬೇ ನಿಮ್ಮ ಮೀಟಿಂಗಿನ್ಯಾಗ?"

"ಹಿಟ್ಸ್ ಇಲ್ವಂತೆ ಆಯಿ. ನೋ ಹಿಟ್ಸ್."

"ಹಿಟ್ಟಿಲ್ಲ? ಅಯ್ಯ, ಡಬ್ಬಿ ತುಂಬ ಐತಲ್ಲ! ಆ ಮಂದಿಗೆ ಎಷ್ಟು ಬೇಕಂತ ಕೇಳು, ಕಟ್ಟಿ ಕೊಡ್ತೀನಿ."

ಸ್ನೇಹಾ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಬಾತ್‌ರೂಮಿಗೆ ಹೋಗಿ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ಮರುದಿನ ಸ್ಕೂಲ್ ಬಸ್ಸಿನಲ್ಲಿ ಧನಂಜಯ್ ಪಕ್ಕದಲ್ಲಿ ಬಂದು ಕೂತ.

"ಒಂದು ಸೀಕ್ರೆಟ್ ಹೇಳ್ಲಾ? ಆ ರ‍್ಯಾಂಕ್ ಸೈಟಿಗೆ ಎಲ್ಲರೂ ಕಾಣಲ್ಲ. ಅವರದ್ದೇ ಒಂದು ಟೂಲ್‌ಬಾರ್ ಇದೆ. ಅದನ್ನ ಯಾರು ಕಂಪ್ಯೂಟರ್‌ಗೆ ಹಾಕ್ಕೊಂಡಿದಾರೋ ಅವರು ಏನು ಓದ್ತಾರೆ ಅಂತ ಮಾತ್ರ ಗೊತ್ತಾಗುತ್ತೆ. ಬಾಕಿ ಎಲ್ಲ ಅಂದಾಜು."

"ಟೂಲ್‌ಬಾರ್ ಇಲ್ಲದೇ ಇರೋರು?"

"ಅವರು ಓದಿದ್ರೂ ಓದಿಲ್ಲ."

"ನಿಂಗೆ ಯಾರು ಹೇಳಿದ್ದು?"

"ಪೇಜಿನ ಕೆಳಗೆ ಚಿಕ್ಕ ಅಕ್ಷರದಲ್ಲಿ ಬರೆದಿದೆ. ಅಪ್ಪ ಅಷ್ಟು ಕೆಳಗೆ ಸ್ಕ್ರೋಲ್ ಮಾಡಲ್ಲ."

ಸ್ನೇಹಾ ಕಿಟಕಿಯಾಚೆ ನೋಡಿದಳು. "ನಾವೇ ಹಾಕ್ಕೊಂಡ್ರೆ? ಬಟ್ ದಟ್ಸ್ ಚೀಟಿಂಗ್!"

"ಯಾರು ಚೀಟಿಂಗ್? ಅವರಾ, ನಾವಾ?"

ಈ ಪ್ರಶ್ನೆಗೆ ಉತ್ತರ ಹುಡುಕಲು ಸಮಯವಿರಲಿಲ್ಲ. ಅವತ್ತೇ ಸ್ನೇಹಾಳ ಮನೆಯ ಕಂಪ್ಯೂಟರಿನಲ್ಲಿ ಟೂಲ್‌ಬಾರ್ ಬಂತು. ಧನಂಜಯ್ ತನ್ನ ಅಮ್ಮ ಬೃಂದಾ ಆಂಟಿಯ ಲ್ಯಾಪ್‌ಟಾಪಿಗೂ ಹಾಕಿದ. ಕ್ಲಾಸಿನ ಸೈಮನ್ ಒಂದು ಚಾಕೊಲೇಟಿಗೆ ಒಪ್ಪಿಕೊಂಡು, ಕಂಪ್ಯೂಟರ್ ಪೀರಿಯಡ್‌ನಲ್ಲಿ ಇಡೀ ಲ್ಯಾಬಿಗೆ ಹಾಕಿಸಿದ. ರಮ್ಲಾ ಮಿಸ್ ಬಂದು ನೋಡಿದಾಗ ಎಲ್ಲರ ಸ್ಕ್ರೀನ್ ಮೇಲೂ ಕನ್ನಡವಿತ್ತು.

"ವಾಟ್ ಈಸ್ ದಿಸ್?"

"ಕಲ್ಚರ್, ಮಿಸ್," ಎಂದ ಸೈಮನ್.

ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ಯಾರ್, ಯೇ ಲ್ಯಾಂಗ್ವೇಜ್ ಹೈ ಯಾ ಜಲೇಬಿ?"

ಆದರೂ ದಿನಾ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಜಲೇಬಿ ಯಾವ ಕಡೆಯಿಂದ ಶುರುವಾಗುತ್ತದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ರ‍್ಯಾಂಕಿಗೆ ಅದರ ಚಿಂತೆಯಿಲ್ಲ. ಎಪ್ಪತ್ತು ಲಕ್ಷ ಇದ್ದದ್ದು ಇಪ್ಪತ್ತಾಯಿತು, ಹತ್ತಾಯಿತು, ಕೊನೆಗೆ ನಾಲ್ಕು ಲಕ್ಷಕ್ಕೆ ಬಂತು.

ಅಷ್ಟರಲ್ಲಿ ಆಯಿಯ ವೀಸಾ ಮುಗಿಯಿತು. ಹೊರಡುವ ಮುಂಚೆ ಅವಳು ತೋಳವೊಂದರ ಉದ್ದನೆಯ ಕತೆ ಹೇಳಿದ್ದಳು. ಅದರಲ್ಲಿ ಅರ್ಧ ಸೈಟಿನಲ್ಲಿ ಬಂದಿತ್ತು, ಉಳಿದರ್ಧ ಮುಂದಿನ ವಾರಕ್ಕೆ.

"ನಮ್ಮ ಕತಿ ಇರ್ತಾವಲ್ಲಬೇ?" ಏರ್‌ಪೋರ್ಟಿನಲ್ಲಿ ಆಯಿ ಕೇಳಿದಳು.

"ಶ್ಯೂರ್ ಆಯಿ! ರ‍್ಯಾಂಕ್ ಬಂದಿದೆ."

ಮುಂದಿನ ಮೀಟಿಂಗಿಗೆ ಶ್ಯಾಮಸುಂದರ್ ಅಂಕಲ್ ಪ್ರೊಜೆಕ್ಟರ್ ತಂದಿದ್ದರು. ಸಂಘಕ್ಕೆ ಜಾಹೀರಾತು ಕೊಡಲು ಟ್ರಾವೆಲ್ ಏಜೆನ್ಸಿಯ ಜಾರ್ಜ್ ಅಂಕಲ್ ಬಂದು ಸೋಫಾದ ನಡುವೆ ಕೂತಿದ್ದರು. ಗೋಡೆಯ ಮೇಲೆ ಒಂದು ಗೆರೆ ಚಿಮ್ಮಿ ಮೇಲೇರಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ನೇಹಾ ಎಲ್ಲರಿಗಿಂತ ಜೋರಾಗಿ ತಟ್ಟಿದಳು.

"ಒಂದೇ ತಿಂಗಳಲ್ಲಿ!" ಎಂದರು ಅಂಕಲ್. "ಕಾರಣ ಏನು? ಫೋಟೋ ಗ್ಯಾಲರಿ! ಜನಕ್ಕೆ ಏನು ಬೇಕು ಅಂತ ಡೇಟಾನೇ ಹೇಳ್ತಿದೆ. ಹಾಗಾಗಿ ಮಕ್ಕಳ ಮೂಲೆ ಜಾಗದಲ್ಲಿ ಎರಡನೇ ಗ್ಯಾಲರಿ."

ಸ್ನೇಹಾಳ ಕೈ ಚಪ್ಪಾಳೆಯ ಅರ್ಧದಲ್ಲೇ ನಿಂತಿತು. ರ‍್ಯಾಂಕ್ ಇಡೀ ಸೈಟಿನದು. ಅದರೊಳಗೆ ಯಾವ ಪುಟ ಯಾರದು ಎಂದು ಆ ಗೆರೆಯ ಮೇಲೆ ಬರೆದಿರಲಿಲ್ಲ.

ಅವಳು ಎದ್ದು ನಿಂತಳು. "ಅಂಕಲ್, ಅದು ಗ್ಯಾಲರಿಯಿಂದ ಅಲ್ಲ. ನಾವು ಟೂಲ್‌ಬಾರ್ ಹಾಕಿದ್ವಿ. ಸ್ಕೂಲ್ ಲ್ಯಾಬ್‌ನಲ್ಲಿ. ಅಲ್ಲಿ ಯಾರಿಗೂ ಕನ್ನಡನೇ ಬರಲ್ಲ."

ಧನಂಜಯ್ ಕಿಟಕಿ ಪರದೆಯ ಹೂವುಗಳನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದ.

ಶ್ಯಾಮಸುಂದರ್ ಅಂಕಲ್ ನಕ್ಕರು. "ಬಾರೋ ಗೀರೋ, ಏನೇ ಇರ್ಲಿ ಪುಟ್ಟ. ನಂಬರ್ ನಂಬರೇ."

"ಮತ್ತೆ ಹೋದ ತಿಂಗಳದ್ದು?"

"ಅದೂ ನಂಬರೇ."

ಜಾರ್ಜ್ ಅಂಕಲ್ ವಾಚ್ ನೋಡಿಕೊಂಡರು. "ಯಲ್ಲಾ ಮಾರಾಯ್ರೆ, ಮುಂದಿನದ್ದು ಎಂತ?"

ಅಪ್ಪ ಸ್ನೇಹಾಳ ಭುಜ ಮುಟ್ಟಿದರು. ಕೂತುಕೋ ಎಂದು ಅದರ ಅರ್ಥ.

ವಾಪಸ್ ಬರುವಾಗ ಕಾರಿನಲ್ಲಿ ಅಪ್ಪ ಹೇಳಿದರು: "ನೀ ಖರೇನ ಹೇಳಿದಿ."

"ಅಲ್ಲೇ ಯಾಕೆ ಹೇಳ್ಲಿಲ್ಲ ಅಪ್ಪಾ?"

ಅಪ್ಪ ಎಸಿಯ ಗಾಳಿಯನ್ನು ಅವಳ ಕಡೆ ತಿರುಗಿಸಿದರು.

ಮುಂದಿನ ಶುಕ್ರವಾರ ಮಧ್ಯಾಹ್ನ ಮನೆಯ ಫೋನು ಹೊಡೆದುಕೊಂಡಿತು.

"ಹಲೋ, ಸಿದ್ದಲಿಂಗೇಶಣ್ಣಾರ ಮನಿಯೇನ್ರಿ? ಕತಿ ಹಾಕ್ತಾಳಲ್ಲ, ಆ ಹುಡುಗಿ ಅದಾಳೇನು?"

"ನಾನೇ," ಎಂದಳು ಸ್ನೇಹಾ.

"ಹೌದಾ ತಂಗಿ! ನಾ ಬಸವಂತ. ಸುಲೈಬಿಯಾದಾಗ ಗೋಡೌನ್ ಸ್ಟೋರ್‌ಕೀಪರ್. ಊರವ್ರ ಕಡೆ ನಿಮ್ಮ ನಂಬರ್ ಇಸಕೊಂಡೆ. ಅಲ್ಲವಾ, ತ್ವಾಳ ಬಾವ್ಯಾಗ ಬಿದ್ದಲ್ಲಿಗೆ ನಿಲ್ಲಿಸಿಬಿಟ್ಟೀದಿ. ನಿನ್ನಿ ನೋಡಿದ್ರ ಕತೀನ ಇಲ್ಲ. ಬರೇ ಮಂದಿ ಉಣ್ಣೂ ಫೋಟೋ!"

"ತೆಗೆದುಬಿಟ್ರು ಅಂಕಲ್. ಯಾರೂ ಓದಲ್ಲ ಅಂತ."

"ಯಾರೂ ಓದೂದಿಲ್ಲ?" ಬಸವಂತನ ದನಿ ಏರಿತು. "ಏ, ಸುಮ್ಮನಿರ್ರೋ, ಹುಡುಗಿ ಮಾತಾಡಾಕತ್ತಾಳ!" ಎಂದು ಯಾರಿಗೋ ಗದರಿತು. "ವಾರಾವಾರಾ ಆಫೀಸಿನ ಕಂಪ್ಯೂಟರಿನ್ಯಾಗ ಪ್ರಿಂಟ್ ತಗದು ರೂಮಿಗೆ ತರ್ತೀನವಾ. ಉಂಡ ಮ್ಯಾಲ ನಾ ಓದ್ತೀನಿ, ಎಲ್ಲಾರೂ ಕೇಳ್ತಾರ. ಬಾಜೂ ರೂಮಿನವ್ರೂ ಬಂದು ಬಾಗಲದಾಗ ಕುಂದರ್ತಾರ."

ಸ್ನೇಹಾಳ ಬಾಯಿಂದ ತಟ್ಟನೆ ಬಂತು: "ಅಂಕಲ್, ಆ ಕಂಪ್ಯೂಟರ್‌ನಲ್ಲಿ ಟೂಲ್‌ಬಾರ್ ಇದೆಯಾ?"

"ಹಂಗಂದ್ರ ಏನವಾ?"

ಕೇಳಬಾರದಿತ್ತು ಎನ್ನಿಸಿತು. ಒಂದು ತಿಂಗಳಿಂದ ಅವಳೂ ಎಲ್ಲರನ್ನೂ ಬರೀ ಅದನ್ನೇ ಕೇಳಿದ್ದಳು. ಕತೆ ಓದಿದೆಯಾ ಎಂದು ಒಬ್ಬರನ್ನೂ ಕೇಳಿರಲಿಲ್ಲ.

"ಏನಿಲ್ಲ ಅಂಕಲ್. ನೀವು ಅವರಿಗೆ ಕಾಣಲಿಲ್ಲ, ಅಷ್ಟೇ."

ಬಸವಂತ ನಕ್ಕ. "ನಾವ್ ಯಾರಿಗವಾ ಕಾಣೂದು? ಗೋಡೌನ್ ಹಿಂದ ಇರ್ತೀವಿ."

ಅವನು ನಕ್ಕಿದ್ದೇನೋ ನಿಜ. ಆದರೆ ಸ್ನೇಹಾಗೆ ನಗು ಬರಲಿಲ್ಲ.

"ಹೋಗ್ಲಿ, ಆಯಿ ಕೈಯಾಗ ಫೋನ್ ಕೊಡು. ಮುಂದ ಏನಾತು ಅಂತ ಅವರನ್ನ ಕೇಳ್ತೀವಿ."

"ಆಯಿ ಊರಿಗೆ ಹೋದ್ರು. ವೀಸಾ ಖಲಾಸ್."

"ಹಂಗಾರ ಕತೀನೂ ಖಲಾಸ್ ಅನ್ನು."

ಉಳಿದರ್ಧ ಸ್ನೇಹಾಗೆ ಗೊತ್ತಿತ್ತು. ಆದರೆ ಆಯಿಯ ಮಾತನ್ನು ಅವಳ ಬೆರಳು ಟೈಪ್ ಮಾಡಿತ್ತೇ ಹೊರತು ಅವಳ ನಾಲಿಗೆ ಆಡಿರಲಿಲ್ಲ.

"ಇಡಬೇಡಿ ಅಂಕಲ್," ಎಂದಳು. ಗಂಟಲು ಸರಿಮಾಡಿಕೊಂಡಳು. "ತ್ವಾಳ ಬಾವ್ಯಾಗ ಬಿತ್ತಲ್ರಿ... ಬಿದ್ದದ್ದು, ಮ್ಯಾಲ ನೋಡಿ ಒದರಾಕ ಹತ್ತಿತು..."

"ಏ, ಸ್ಪೀಕರ್ ಹಾಕ್ರೋ!" ಎಂದು ಯಾರೋ ಕೂಗಿದರು. ಆಮೇಲೆ ಆ ಕಡೆ ಸದ್ದೇ ಇಲ್ಲ. ಲೈನ್ ಕಟ್ಟಾಯಿತೋ, ಜನ ಎದ್ದುಹೋದರೋ ತಿಳಿಯಲಿಲ್ಲ. ಸ್ನೇಹಾ ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು.

ದೂರದಲ್ಲಿ ಒಬ್ಬರು ಕೆಮ್ಮಿದರು. ಇನ್ನೊಬ್ಬರು ಉಶ್ಶ್ ಎಂದರು.

ಅವಳು ತೋಳದ ದನಿಯನ್ನು ಇನ್ನಷ್ಟು ಗಡಸು ಮಾಡಿಕೊಂಡು ಮುಂದುವರಿಸಿದಳು.