ಡ್ರೈವರು ಸಿಕ್ಕ ಜಾಗ

ಅಂಗಡಿಗೆ ಬಂದವಳೇ ಯಾರದೋ ಫೋಟೋ ಮುಂದೆ ಹಿಡಿದು, "ಇವರನ್ನ ಎಲ್ಲಾದ್ರೂ ನೋಡಿದ್ದೀರಾ?" ಎಂದು ಕೇಳುವ ಹೆಂಗಸನ್ನು ಯಾರು ತಾನೇ ಪೊಲೀಸ್ ಅಂದುಕೊಳ್ಳುವುದಿಲ್ಲ? ಹೊಲಿಗೆ ಯಂತ್ರ ರಿಪೇರಿ ಮಾಡುವವನೂ ಹಾಗೆಯೇ ಅಂದುಕೊಂಡು ಎದ್ದು ನಿಂತ.

ಪೊಲೀಸ್ ಅಲ್ಲ, ಟಿಬಿ ಲ್ಯಾಬಿನವಳು ಎಂದಳು. ಅವನು ಎಡಗಿವಿಯನ್ನು ಅವಳತ್ತ ತಿರುಗಿಸಿದ.

"ಸ್ವಲ್ಪ ಜೋರಾಗಿ ಹೇಳಿ ಇನ್ಸ್‌ಪೆಕ್ಟರೇ. ಈ ಕಡೆ ಒಂದಿಷ್ಟು ಉಳಿದಿದೆ."

ಅವತ್ತಿನಿಂದ ಅವಳು ಇನ್ಸ್‌ಪೆಕ್ಟರೇ ಆದಳು.

ಮೂರು ವರ್ಷದ ಹಿಂದೆ ಅವನಿಗೆ ಔಷಧಿಗೆ ಬಗ್ಗದ ಟಿಬಿ ಎಂದು ಹೇಳಿದ್ದರು. ಒಂದೂವರೆ ವರ್ಷ ಮಾತ್ರೆ, ಅದರಲ್ಲಿ ಆರು ತಿಂಗಳು ದಿನಕ್ಕೊಂದು ಇಂಜೆಕ್ಷನ್. ಆ ಇಂಜೆಕ್ಷನ್ ಕೆಲವರ ಕಿವಿಯನ್ನು ತಿಂದುಹಾಕುತ್ತದೆ, ಇವನದನ್ನೂ ತಿಂದಿತು. ಮೊದಲೆಲ್ಲ ಯಂತ್ರ ಓಡುವ ಸದ್ದು ಕೇಳಿಯೇ ಯಾವ ಭಾಗ ಸವೆದಿದೆ ಎಂದು ಹೇಳುತ್ತಿದ್ದವನು ಈಗ ಬೆರಳಿಟ್ಟು ನೋಡಬೇಕು. ಆದರೂ ಅವನಿಗೆ ಅದರ ಬಗ್ಗೆ ಒಂದು ಥರದ ಹೆಮ್ಮೆ. ಕಿವಿ ಕೊಟ್ಟು ಜೀವ ತಗೊಂಡೆ, ಲಾಭದ ವ್ಯಾಪಾರ ಎಂದು ಗಿರಾಕಿಗಳಿಗೆಲ್ಲ ಹೇಳಿ ನಗುತ್ತಿದ್ದ.

ಅವಳು ಬಂದ ಕೆಲಸ ಇಷ್ಟು. ಹಳೆಯ ರೋಗಿಗಳ ಕಫದಿಂದ ಬೆಳೆಸಿ ಇಟ್ಟಿದ್ದ ಬ್ಯಾಕ್ಟೀರಿಯಾಗಳನ್ನು ಲ್ಯಾಬಿನವರು ಹೊರತೆಗೆದು, ಒಂದೊಂದರ ಜೀನೋಮನ್ನೂ, ಅಂದರೆ ಅದರ ವಂಶವಾಹಿಯ ಬರಹವನ್ನೂ, ಓದುತ್ತಿದ್ದರು. ಒಂದೊಂದರಲ್ಲೂ ನಲವತ್ತನಾಲ್ಕು ಲಕ್ಷ ಅಕ್ಷರ. ರೋಗ ಒಬ್ಬರಿಂದ ಒಬ್ಬರಿಗೆ ದಾಟುತ್ತ ಹೋದ ಹಾಗೆ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ; ವ್ಯತ್ಯಾಸ ಕಡಿಮೆ ಇದ್ದಷ್ಟೂ ನಂಟು ಹತ್ತಿರದ್ದು. ಇವನದಕ್ಕೂ ಫೋಟೋದಲ್ಲಿದ್ದ ಬಸ್ ಡ್ರೈವರನದಕ್ಕೂ ಒಂದೇ ಒಂದು ಅಕ್ಷರದ ವ್ಯತ್ಯಾಸವೂ ಇರಲಿಲ್ಲ. ಡ್ರೈವರು ಅದೇ ವರ್ಷ ತೀರಿಕೊಂಡಿದ್ದ. ಇಬ್ಬರೂ ಎಲ್ಲಿ ಸಿಕ್ಕಿದ್ದರು ಎಂದು ಗೊತ್ತಾದರೆ, ಅಲ್ಲಿ ರೋಗ ಹತ್ತಿಸಿಕೊಂಡ ಇನ್ನಷ್ಟು ಜನರನ್ನು ಹುಡುಕಬಹುದಿತ್ತು.

ಮೊದಲ ದಿನ ಅವನಿಗೆ ಕ್ಷೌರದಂಗಡಿ ನೆನಪಾಯಿತು. ಮರುವಾರ ಮಾರ್ಕೆಟ್ಟಿನ ಟೀ ಅಂಗಡಿ, ಅದರ ಮರುವಾರ ಅಂಚೆ ಕಚೇರಿ. ಎಲ್ಲ ಕಡೆ ಅವಳು ಅವನ ಜೊತೆ ಹೋದಳು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಡ್ರೈವರನ ಹೆಂಡತಿ ಮಾತ್ರ ತನ್ನ ಗಂಡ ಊರಿನ ಆ ಕಡೆಗೆ ಕಾಲಿಟ್ಟವನೇ ಅಲ್ಲ ಎಂದು ಖಂಡಿತವಾಗಿ ಹೇಳಿದಳು. ಏಳನೇ ಜಾಗ ಸಿನಿಮಾ ಥಿಯೇಟರ್.

"ನೀವು ಇಲ್ಲಿಗೆ ಯಾವಾಗ ಬಂದಿದ್ರಿ?"

"ಇವತ್ತೇ ಮೊದಲು."

"ಮತ್ತೆ ನನ್ನನ್ನ ಯಾಕೆ ಕರ್ಕೊಂಡು ಬಂದ್ರಿ?"

"ಡ್ರೈವರು ಬಂದಿರಬಹುದಲ್ಲ," ಎಂದ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

ಸರ್ಕಾರಿ ಸಮಯ ಹಾಳು ಮಾಡಿದ್ದಕ್ಕೆ ಬೈಯಬೇಕಿತ್ತು. ಅವಳು ಬೈಯಲಿಲ್ಲ. ಒಳಗೆ ಕೂತು, ತೆರೆಯ ಮೇಲಿನವರ ಮಾತನ್ನೆಲ್ಲ ಅವನ ಎಡಗಿವಿಗೆ ಹೇಳುತ್ತಾ ಹೋದಳು. ಅರ್ಧ ಸಿನಿಮಾ ಆದಮೇಲೆ ತೆರೆಯ ಮೇಲಿನವರು ಆಡದ ಮಾತುಗಳನ್ನೂ ಸೇರಿಸಿ ಹೇಳಿದಳು. ಅದು ಅವನಿಗೆ ಗೊತ್ತಾಗಿತ್ತು. ಗೊತ್ತಾಗದವನ ಹಾಗೆ ಕೂತಿದ್ದ, ಕಳ್ಳ.

ಬೆಳಕಿದ್ದಲ್ಲಿ ಅವನು ತುಟಿ ನೋಡಿಯೇ ಅರ್ಧ ಮಾತು ತಿಳಿದುಕೊಳ್ಳುತ್ತಿದ್ದ. ತನ್ನ ತುಟಿಯನ್ನು ಒಬ್ಬ ಗಂಡಸು ಅಷ್ಟು ಹೊತ್ತು, ಅಷ್ಟು ಸಭ್ಯವಾಗಿ ನೋಡಬಲ್ಲ ಎಂದು ಅವಳಿಗೆ ಮೂವತ್ತಮೂರು ವರ್ಷವಾದರೂ ಗೊತ್ತಿರಲಿಲ್ಲ. ಮಾತಿನ ನಡುವೆ ಸುಮ್ಮನಾದರೆ ಅವನ ಕಣ್ಣು ಅಲ್ಲೇ ಕಾಯುತ್ತಿತ್ತು, ಆಮೇಲೆ ಮೆಲ್ಲಗೆ ಮೇಲೆ ಬಂದು ಅವಳ ಕಣ್ಣನ್ನು ಸೇರುತ್ತಿತ್ತು. ಅವಳು ಬೇಕೆಂದೇ ಮಾತು ನಿಲ್ಲಿಸಲು ಕಲಿತಳು.

ಒಂಬತ್ತನೇ ಜಾಗದಲ್ಲಿ, ಕೆರೆಯ ದಂಡೆಯ ಮೇಲೆ, ಭಾನುವಾರ ನನ್ನ ಅಕ್ಕನ ಮನೆಗೆ ಬರುತ್ತೀಯಾ ಎಂದು ಕೇಳಿದ. ಯಾಕೆ ಎಂದು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅಕ್ಕನಿಗೆ ಮೂರು ವರ್ಷದ ಮಗಳಿದ್ದಳು, ಪುಟ್ಟಿ. ಡಾಕ್ಟರು ಗುಣವಾಗಿದೆ ಎಂದು ಬರೆದುಕೊಟ್ಟ ಮೇಲೂ ಅಕ್ಕನಿಗೆ ಭಯ ಹೋಗಿರಲಿಲ್ಲ.

"ಅವಳನ್ನ ನಾನಿನ್ನೂ ಎತ್ಕೊಂಡಿಲ್ಲ. ಬಾಗಿಲ ಹತ್ರ ಕೂತು ಮಾತಾಡಿಸಿ ಬರ್ತೀನಿ," ಎಂದ. ಯಾರ ಮೇಲೂ ದೂರು ಹೇಳುವ ದನಿಯಾಗಿರಲಿಲ್ಲ ಅದು.

ಗುರುವಾರ ಅವಳು ಫೈಲು ಮುಗಿಸಲು ಕೂತಳು. ಊರೆಲ್ಲ ಹುಡುಕಿಯಾಗಿತ್ತು; ಹುಡುಕದೆ ಉಳಿದದ್ದು ತಾನು ಕೆಲಸ ಮಾಡುವ ಲ್ಯಾಬ್ ಒಂದೇ. ಮೂರು ವರ್ಷದ ಹಿಂದಿನ ರಿಜಿಸ್ಟರ್ ತೆಗೆದಳು. ಒಂದೇ ತಾರೀಖು, ಟ್ಯೂಬು ನಿಲ್ಲಿಸುವ ಒಂದೇ ಸ್ಟ್ಯಾಂಡು. ಹದಿನಾಲ್ಕನೇ ಟ್ಯೂಬು ಡ್ರೈವರನದು. ಹದಿನೈದನೆಯದು ಇವನದು. ಕಫದಲ್ಲಿನ ಬೇರೆ ಕ್ರಿಮಿಗಳನ್ನು ಕೊಲ್ಲಲು ಒಂದೇ ಬಾಟಲಿಯಿಂದ ಎಲ್ಲ ಟ್ಯೂಬಿಗೂ ದ್ರಾವಣ ಸುರಿಯುತ್ತಾರೆ. ಬಾಟಲಿಯ ಬಾಯಿ ಒಂದು ಟ್ಯೂಬಿಗೆ ತಾಗಿ ಮುಂದಿನದಕ್ಕೆ ಹೋದರೆ ಸಾಕು, ಅದರ ಬ್ಯಾಕ್ಟೀರಿಯಾ ಇದರಲ್ಲಿ ಬೆಳೆಯುತ್ತದೆ. ಮತ್ತೆ ಪರೀಕ್ಷೆ ಮಾಡಿದಾಗ ಇವನ ಕಫದಲ್ಲಿ ಒಮ್ಮೆಯೂ ಏನೂ ಬೆಳೆದಿರಲಿಲ್ಲ. ಔಷಧಿ ನಾಟಿದೆ ಎಂದು ಎಲ್ಲರೂ ಖುಷಿಪಟ್ಟಿದ್ದರು. ಅವನ ಎದೆಯಲ್ಲಿದ್ದದ್ದು ತಾನಾಗಿಯೇ ವಾಸಿಯಾಗುವ ಯಾವುದೋ ಕೆಮ್ಮು.

ಇಬ್ಬರೂ ಸಿಕ್ಕಿದ್ದು ಆ ಮೇಜಿನ ಮೇಲೆ. ರಿಜಿಸ್ಟರಿನ ಆ ಸಾಲಿನ ಕೊನೆಯಲ್ಲಿದ್ದದ್ದು ಅವಳದೇ ಸಹಿ.

ರಿಜಿಸ್ಟರ್ ಎತ್ತಿಕೊಂಡು ಲ್ಯಾಬಿನ ದೊಡ್ಡ ಡಾಕ್ಟರ ಹತ್ತಿರ ಹೋದಳು. ಅವರು ಕೆಟ್ಟವರಲ್ಲ. ಲ್ಯಾಬಿನ ತಪ್ಪುಗಳನ್ನು ವಿಚಾರಿಸುವ ಸಮಿತಿಗೆ ತಾವೇ ಬರೆಯುತ್ತೇವೆ, ಅವನಿಗೆ ಈಗಲೇ ಹೇಳಿ ಏನು ಪ್ರಯೋಜನ, ಹೋದ ಕಿವಿ ಬರುತ್ತದೆಯೇ ಎಂದರು. ಎರಡು ದಿನ ಅವಳಿಗೂ ಅದು ಸರಿ ಅನ್ನಿಸಿತು. ಮದುವೆಯಾಗಿ, ವರ್ಷ ಕಳೆದು, ಯಾವಾಗಲಾದರೂ ಹೇಳಿದರಾಯಿತು ಎಂದು ಮನಸ್ಸಿನಲ್ಲೇ ಸಂಸಾರವನ್ನೂ ಹೂಡಿದಳು. ಆದರೆ ಅವನು ಬಾಗಿಲ ಹತ್ತಿರ ಕೂರುವುದು ನೆನಪಾದಾಗಲೆಲ್ಲ ಆ ಸಂಸಾರ ಅಲ್ಲೇ ನಿಂತುಬಿಡುತ್ತಿತ್ತು.

ಭಾನುವಾರ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಂಗಡಿಯಲ್ಲಿ ಕಾಯುತ್ತಿದ್ದ.

"ನಿನಗೆ ಆ ಕಾಯಿಲೆ ಇರಲೇ ಇಲ್ಲ," ಎಂದಳು.

ಅವನು ಎಡಗಿವಿ ತಿರುಗಿಸಿದ. ಅವಳು ಮತ್ತೆ ಹೇಳಿದಳು. ಮೂರನೇ ಸಲ ಕೂಗಿಯೇ ಹೇಳಬೇಕಾಯಿತು: ಕಾಯಿಲೆ ಡ್ರೈವರನದು, ನಿನ್ನ ಟ್ಯೂಬಿಗೆ ದಾಟಿದ್ದು ನನ್ನ ಕೈಯಿಂದ. ಪಕ್ಕದ ಅಂಗಡಿಯವರು ಇಣುಕಿ ನೋಡಿದರು.

ಅವನು ಯಂತ್ರದ ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ.

"ಹಾಗಾದ್ರೆ ಕಿವಿ?"

"ಸುಮ್ಮನೆ ಹೋಯ್ತು."

ಇದಕ್ಕಿಂತ ಮೆತ್ತಗಿನ ಮಾತು ಅವಳಲ್ಲಿರಲಿಲ್ಲ. ಆಮೇಲೆ, ನೀನಿಲ್ಲದೆ ನನಗೆ ಆಗುವುದಿಲ್ಲ ಎಂದೂ ಹೇಳಿದಳು, ಸಣ್ಣ ದನಿಯಲ್ಲಿ. ಅವನು ಅವಳ ತುಟಿಯ ಕಡೆ ನೋಡುತ್ತಿರಲಿಲ್ಲ. ಆ ಮಾತು ಅವನನ್ನು ಮುಟ್ಟಲಿಲ್ಲ.

"ಇಷ್ಟು ದಿನ ಕಾಯಿಲೆಯನ್ನ ಬೈಕೊಂಡು ಇದ್ದೆ, ಸುಲಭ ಇತ್ತು," ಎಂದ. "ಈಗ ನಿನ್ನನ್ನ ಬೈಬೇಕು. ಬಾಯಿ ಬರ್ತಿಲ್ಲ. ಹಾಗಂತ ದಿನಾ ನಿನ್ನ ಕೈ ನೋಡ್ಕೊಂಡು ಬದುಕೋಕೂ ನನ್ನಿಂದ ಆಗಲ್ಲ."

ಅವಳು ಹೊರಡಲು ತಿರುಗಿದಳು.

"ಅಕ್ಕನಿಗೆ ಬಂದು ಹೇಳು. ನಾನು ಹೇಳಿದ್ರೆ ನಂಬಲ್ಲ."

ದಾರಿಯುದ್ದಕ್ಕೂ ಅವನು ಎರಡು ಹೆಜ್ಜೆ ಮುಂದೆ ನಡೆದ. ಬಾಗಿಲಲ್ಲಿ ನಿಂತಿದ್ದ ಪುಟ್ಟಿ ಇವರನ್ನು ನೋಡಿದ್ದೇ, "ಅಮ್ಮಾ, ಅತ್ತೆ ಬಂದ್ರು," ಎಂದು ಒಳಗೆ ಕೂಗಿದಳು. ಯಾರೋ ಚೆನ್ನಾಗಿ ಹೇಳಿಕೊಟ್ಟಿದ್ದರು.

"ಅತ್ತೆ ಅಲ್ಲ ಪುಟ್ಟಿ," ಎಂದ ಅವನು. "ಲ್ಯಾಬಿನವರು."

ಅವಳು ನಿಂತೇ ಎಲ್ಲ ಹೇಳಿದಳು, ಟ್ಯೂಬು, ಬಾಟಲಿ, ತನ್ನ ಸಹಿ. ಇವರಿಗೆ ಟಿಬಿ ಬಂದೇ ಇರಲಿಲ್ಲ ಎಂಬ ಮಾತನ್ನು ಅಕ್ಕ ಎರಡು ಸಲ ಹೇಳಿಸಿದಳು. ಆಮೇಲೆ ಅಳುತ್ತಾ ಮಗಳನ್ನು ತಾನೇ ಎತ್ತಿ ತಂದು, ಬಾಗಿಲ ಹತ್ತಿರ ಕೂತಿದ್ದ ತಮ್ಮನ ತೊಡೆಯ ಮೇಲೆ ಕೂರಿಸಿದಳು. ಮಗುವನ್ನು ಹೇಗೆ ಹಿಡಿಯಬೇಕೆಂದು ಅವನಿಗೆ ತಿಳಿಯಲಿಲ್ಲ. ಎರಡೂ ಕೈ ಗಾಳಿಯಲ್ಲೇ ಇದ್ದವು.

ಅವಳು ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅಕ್ಕ ಕಣ್ಣೊರೆಸಿಕೊಂಡು ಹಿಂದೆಯೇ ಬಂದಳು.

"ಇವತ್ತು ಹುಡುಗೀನ ಕರ್ಕೊಂಡು ಬರ್ತೀನಿ ಅಂದಿದ್ದ. ಅವನನ್ನ ಕೇಳೋಕೆ ನನಗೆ ಮುಖ ಇಲ್ಲ. ನಿಮಗೇನಾದ್ರೂ ಗೊತ್ತಾ, ಅವಳು ಬರ್ತಾಳಾ?"

"ಇಲ್ಲ," ಎಂದಳು ಅವಳು. "ಬರಲ್ಲವಂತೆ." ಹೇಳಿ ಮೆಟ್ಟಿಲಿಳಿದು, ಬಂದ ದಾರಿಯಲ್ಲೇ ಒಬ್ಬಳೇ ನಡೆದಳು.